ಜಯಪ್ಪನ ದೊರೆ ಕಾರು

ಜಯಪ್ಪ ತೀರಿಕೊಂಡ ಹನ್ನೊಂದನೆಯ ದಿನ, ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ, ಗೆಳೆಯ ರೇಣುಕಪ್ರಸಾದ ಅವನ ಕಾರಿನ ಶೆಡ್ಡಿನ ಮುಂದೆ ಬಂದು ನಿಂತಿದ್ದ. ಇವತ್ತು ಹೊತ್ತಿಗೆ ಮುಂಚೆಯೇ ಬಂದಿದ್ದೇನೆ ಎನ್ನುವುದು ಹೊಳೆದ ಕೂಡಲೇ ಅವನಿಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ಜನವರಿಯ ಚಳಿ. ಕಲ್ಲುಕೋಡು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಎತ್ತರಕ್ಕಿರುವ ಊರು. ಈ ತಿಂಗಳಲ್ಲಿ ಅಲ್ಲಿ ಬಾಯಿ ತೆರೆದರೆ ಮಾತಿಗೆ ಮೊದಲು ಹೊಗೆ ಬರುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಹೊದಿಸಿದ್ದ ಟಾರ್ಪಾಲಿನ ತಗ್ಗುಗಳಲ್ಲಿ ಇಬ್ಬನಿ ನೀರಾಗಿ ನಿಂತಿತ್ತು. ಮನೆಯ ಹಿಂದೆ ಅಡುಗೆಯವರು ಒಲೆ ಹೂಡುತ್ತಿದ್ದರು. ಅಂದು ಜಯಪ್ಪನ ಶಿವಗಣಾರಾಧನೆ. ಒಂಬತ್ತಕ್ಕೆ ಮಠದ ಸ್ವಾಮಿಗಳು ಬರಬೇಕು, ಪಾದಪೂಜೆ ಆಗಬೇಕು, ಆಮೇಲೆ ಊರೆಲ್ಲ ಊಟಕ್ಕೆ ಕೂರಬೇಕು.

ಸ್ವಾಮಿಗಳು ಬರುವುದು ಆ ಕಾರಿನಲ್ಲೇ ಆಗಬೇಕೆಂದು ಜಯಪ್ಪನ ಹೆಂಡತಿ ಸುಲೋಚನಮ್ಮ ಹಟ ಹಿಡಿದಿದ್ದರು. ಹಿಂದಿನ ಸಂಜೆ ರೇಣುಕಪ್ರಸಾದನನ್ನು ಜಗಲಿಗೆ ಕರೆದು ಹೇಳಿದ್ದರು: “ಊರಲ್ಲಿ ಯಾರ ಮನೇಲಿ ಸಾವಾದ್ರೂ ಬುದ್ಯೋರ್ನ ತಂದಿದ್ದು ಇವ್ರು. ಇವ್ರ ಆರಾಧನೆಗೆ ಅವ್ರು ಬಾಡಿಗೆ ಕಾರಲ್ಲಿ ಬರ್ಬೇಕಾ? ರೇಣುಕಣ್ಣ, ಅದನ್ನ ಸ್ಟಾರ್ಟ್ ಮಾಡೋದು ಇವ್ರನ್ನ ಬಿಟ್ರೆ ನಿಮ್ಗೊಬ್ರಿಗೇ ಗೊತ್ತಿರೋದು.”

“ಆಯ್ತು ಅತ್ತಿಗೆ” ಎಂದಿದ್ದ. ಗೊತ್ತಿದೆ ಎಂದೇ ಅವನೂ ತಿಳಿದಿದ್ದ.

ಆ ಕಾರು ಆಕಾಶನೀಲಿ ಬಣ್ಣದ ಹಳೆಯ ಅಂಬಾಸಿಡರ್. ಊರವರು ಅದನ್ನು ದೊರೆ ಕಾರು ಎನ್ನುತ್ತಿದ್ದರು. ಜಯಪ್ಪ ಮೂವತ್ತು ವರ್ಷ ರೈಟರ್ ಆಗಿ ಲೆಕ್ಕ ಬರೆದಿದ್ದ ಎಸ್ಟೇಟು ಕೈ ಬದಲಾದಾಗ, ಹಳೆಯ ಮಾಲೀಕರು ಹೊರಡುವ ದಿನ ತಮ್ಮ ಜನರನ್ನೆಲ್ಲ ಬಂಗಲೆಯ ಅಂಗಳಕ್ಕೆ ಕರೆದು, ಬೇಕಾದ್ದು ಒಂದೊಂದು ತೆಗೆದುಕೊಳ್ಳಿ ಎಂದರಂತೆ. ಒಬ್ಬರು ಬೀಟೆ ಮರದ ಮೇಜು ಎತ್ತಿಕೊಂಡರು, ಒಬ್ಬರು ಗೋಡೆ ಗಡಿಯಾರ. ಜಯಪ್ಪ ಹೋಗಿ, ಎರಡು ವರ್ಷದಿಂದ ಓಡದೆ ಕೋಳಿ ಕಾವು ಕೂತಿದ್ದ ಈ ಕಾರಿನ ಪಕ್ಕ ನಿಂತ. “ಜಯಪ್ಪ, ಇದು ಓಡಲ್ಲ” ಎಂದರಂತೆ ದೊರೆ. “ನಾನೂ ಜಾಸ್ತಿ ಓಡೋನಲ್ಲ ಸಾರ್” ಎಂದನಂತೆ ಇವನು. ಎತ್ತಿನ ಗಾಡಿಗೆ ಕಟ್ಟಿ ಮನೆಗೆ ಎಳೆತಂದ.

ರಿಪೇರಿಯನ್ನು ಅವನು ಯಾರಿಂದಲೂ ಕಲಿಯಲಿಲ್ಲ. ಬಿಚ್ಚಿದ, ಜೋಡಿಸಿದ, ಉಳಿದ ಬೋಲ್ಟುಗಳನ್ನು ಡಬ್ಬಿಗೆ ಹಾಕಿದ. ಆರು ತಿಂಗಳಿಗೆ ಕಾರು ಓಡಿತು. ಆಮೇಲೆ ಅದನ್ನು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹೊರಗೆ ತೆಗೆಯುತ್ತಿದ್ದ. ಸಂತೆಗೆ ಬಸ್ಸಿನಲ್ಲೇ ಹೋಗುತ್ತಿದ್ದ. ಕಾರು ತೆಗೆಯುವುದು ಸ್ವಾಮಿಗಳನ್ನು ಕರೆತರಲು ಮಾತ್ರ. ಒಮ್ಮೆ ಮಳೆಯಲ್ಲಿ ಏರಿನ ಮೇಲೆ ಕಾರು ನಿಂತುಹೋದಾಗ ಸ್ವಾಮಿಗಳೇ ಕಾವಿ ಎತ್ತಿಕಟ್ಟಿ ಇಳಿದು ತಳ್ಳಿದರು. ಸ್ಟಿಯರಿಂಗ್ ಬಿಡಲಾಗದ ಜಯಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಬುದ್ದೀ, ನೀವು ಬ್ಯಾಡಿ, ರೇಣುಕ ಒಬ್ನೇ ತಳ್ತಾನೆ!” ಎಂದು ಕೂಗುತ್ತಲೇ ಇದ್ದ. ಪಂಚಾಯ್ತಿ ಲೈಬ್ರರಿ ನೋಡಿಕೊಂಡು ಬದುಕಿನಲ್ಲಿ ಒಂದು ಪುಸ್ತಕದ ಕಟ್ಟಿಗಿಂತ ಹೆಚ್ಚಿನದನ್ನು ಎತ್ತದಿದ್ದ ರೇಣುಕಪ್ರಸಾದ ಅಂದು ಕೆಸರಿನಲ್ಲಿ ಮೊಣಕಾಲೂರಿ ನಕ್ಕಿದ್ದ.

ಸ್ಟಾರ್ಟ್ ಮಾಡುವಾಗ ಇವನ ಜಾಗ ಯಾವಾಗಲೂ ಡ್ರೈವರ್ ಸೀಟು. ಚಳಿಗಾಲದಲ್ಲಿ ಬ್ಯಾಟರಿ ಕೈಕೊಡುತ್ತಿತ್ತು. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಅದು ಜಯಪ್ಪನ ಕೆಲಸ. ಬಾನೆಟ್ ಎತ್ತಿರುತ್ತಿದ್ದುದರಿಂದ ಒಳಗೆ ಕೂತ ರೇಣುಕಪ್ರಸಾದನಿಗೆ ಕಾಣುತ್ತಿದ್ದುದು ನೀಲಿ ತಗಡು ಮಾತ್ರ. ತಗಡಿನ ಆಚೆಯಿಂದ ಏನೋ ತಿರುಚುವ ಸದ್ದು, ಸ್ವಲ್ಪ ಬೈಗುಳ, ಆಮೇಲೆ “ಕೊಡು!” ಎಂಬ ಕೂಗು. ಆಗ ಇವನು ಚೋಕ್ ಎಳೆದು ಆಕ್ಸಿಲರೇಟರ್ ಒತ್ತಬೇಕು. “ಬಿಡು!” ಎಂದಾಗ ಬಿಡಬೇಕು. ಇಪ್ಪತ್ತೆರಡು ವರ್ಷ ಹೀಗೇ. ಒಮ್ಮೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಜಯಪ್ಪನ ಹೆಬ್ಬೆರಳು ಮುರಿದಿತ್ತು. ಅಂದಿನಿಂದ, ನಾನೊಮ್ಮೆ ತಿರುಗಿಸುತ್ತೇನೆ ಎಂದು ಇವನು ಕೇಳಿದಾಗಲೆಲ್ಲ ಒಂದೇ ಉತ್ತರ: “ಪುಸ್ತಕ ತಿರುವೋ ಕೈ ಕಣೋ ಅದು. ಹೋಗ್ ಕೂತ್ಕೊ.”

ಜಯಪ್ಪ ತೀರಿಕೊಂಡ ಗುರುವಾರ, ಮೇಲಿನ ಮನೆಯ ಗಂಗಮ್ಮನ ಆರಾಧನೆ ಇತ್ತು. ಬುಧವಾರ ಸಂಜೆ ಜಯಪ್ಪ, “ಲೋ ರೇಣುಕ, ಬೆಳಗ್ಗೆ ಆರಕ್ಕೆ ಬಾ, ಬುದ್ಯೋರ್ನ ತರ್ಬೇಕು” ಎಂದಿದ್ದ. ಇವನು ಹೂಂ ಎಂದಿದ್ದ. ಬೆಳಗ್ಗೆ ಆರೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಕಂಬಳಿಯ ಒಳಗಿನಿಂದಲೇ ನೋಡಿದ, ಜಯಪ್ಪನ ಹೆಸರು. ಎತ್ತಲಿಲ್ಲ. ಎತ್ತಿದರೆ ಕೂಡಲೇ ಏಳಬೇಕು. ಇನ್ನೊಂದು ಹತ್ತು ನಿಮಿಷ ಬೆಚ್ಚಗಿರೋಣ ಎನಿಸಿತ್ತು. ಆರೂ ಮುಕ್ಕಾಲಿಗೆ ಇಲ್ಲಿಗೆ ಬಂದಾಗ ಶೆಡ್ಡಿನ ಮುಂದೆ ಜನ ಸೇರಿತ್ತು. ಕಣದ ಕಾಫಿಯನ್ನು ಕೆರೆದು ಹರಡಲು ಬಂದ ಆಳು ಕಾಳ ಮೊದಲು ನೋಡಿದ್ದ. ಜಯಪ್ಪ ಕಾರಿನ ಬಂಪರಿಗೆ ಒರಗಿ ಕೂತಂತೆ ಇದ್ದ. ಪಕ್ಕದ ನೆಲದಲ್ಲಿ ಹ್ಯಾಂಡಲ್ ಬಿದ್ದಿತ್ತು.

“ಒಬ್ರೇ ಹ್ಯಾಂಡಲ್ ಹೊಡ್ಯಕ್ಕೆ ಹೋಗಿ ಎದೆ ಹಿಡ್ಕಂಬುಟ್ಟದೆ” ಎಂದ ಕಾಳ. ಸಂಜೆಯೊಳಗೆ ಇಡೀ ಊರು ಅದನ್ನೇ ಹೇಳುತ್ತಿತ್ತು. ತಾನು ಹೊತ್ತಿಗೆ ಬಂದಿದ್ದರೆ ಅವನು ಒಬ್ಬನೇ ತಿರುಗಿಸಬೇಕಿರಲಿಲ್ಲ ಎಂಬ ಮುಂದಿನ ಮಾತನ್ನು ಮಾತ್ರ ಯಾರೂ ಹೇಳಲಿಲ್ಲ. ಅದು ರೇಣುಕಪ್ರಸಾದನೊಬ್ಬನಿಗೇ ಗೊತ್ತಿತ್ತು. ಫೋನು ಬಂದ ವಿಷಯವನ್ನು ಅವನು ತನ್ನ ಹೆಂಡತಿಗೂ ಹೇಳಿರಲಿಲ್ಲ.

ಅವನು ಶೆಡ್ಡಿನ ಬಾಗಿಲು ತೆರೆದ. ಕಾರಿನ ಮೇಲೆ ಹೊದಿಸಿದ್ದ ಹಳೆಯ ಜಮಖಾನ ಚಳಿಗೆ ಬಿರುಸಾಗಿತ್ತು. ಒಳಗೆ ಕೂತು ಕೀ ತಿರುಗಿಸಿದ; ಟಕ್ ಎಂದು ಒಂದು ಸದ್ದು, ಅಷ್ಟೇ. ಇಳಿದು ಮುಂದಕ್ಕೆ ಬಂದು, ಜಯಪ್ಪ ಮಾಡುತ್ತಿದ್ದಂತೆ ಬಾನೆಟ್ ಎತ್ತಿದ. ಇಂಜಿನಿನ ಮೇಲೆ ಗೋಣಿತಾಟು ಹಾಸಿತ್ತು. ಸರಿಸಿದ. ಏನು ನೋಡಬೇಕೆಂದು ತಿಳಿಯಲಿಲ್ಲ. ನಾಲ್ಕು ದಪ್ಪ ಕರಿ ವೈರುಗಳ ತುದಿಗಳನ್ನು ಒಟ್ಟು ಮಾಡಿ ಕರವಸ್ತ್ರದಲ್ಲಿ ಗಂಟು ಕಟ್ಟಿತ್ತು. ಅದು ಹಾಗೇ ಇರಬೇಕೇನೋ. ಇಪ್ಪತ್ತೆರಡು ವರ್ಷ ತಗಡಿನ ಈಚೆ ಕೂತವನಿಗೆ ಆಚೆಯದು ಹೇಗೆ ಗೊತ್ತು?

ಹ್ಯಾಂಡಲ್ ತೂರಿಸಿದ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು, ಹಲ್ಲು ಕಚ್ಚಿ ಎಳೆದ.

ಸುಲಭವಾಗಿ ತಿರುಗಿತು. ಬಾವಿ ರಾಟೆಗಿಂತ ಹಗುರ. ಇನ್ನೊಂದು ಸುತ್ತು, ಮತ್ತೊಂದು. ಇಂಜಿನಿನೊಳಗಿಂದ ಪುಸ್ ಪುಸ್ ಎಂದು ಗಾಳಿ ಬಿಡುವ ಸದ್ದು ಬಿಟ್ಟರೆ ಬೇರೇನಿಲ್ಲ. ಅವನು ನಿಂತ. ಇದಕ್ಕೇ ಜಯಪ್ಪ ಅಷ್ಟು ಏದುಸಿರು ಬಿಡುತ್ತಿದ್ದನೇ? ಇದಕ್ಕೇ ಒಂದೊಂದು ಸುತ್ತಿಗೂ ಶಿವ ಶಿವಾ ಎನ್ನುತ್ತಿದ್ದನೇ? ಈ ಹಗುರದ ಕೆಲಸದಿಂದ ಒಬ್ಬ ಮನುಷ್ಯ ಸಾಯಲಾರ. ಒಂದು ಗಳಿಗೆ ಎದೆ ಹಗುರಾಯಿತು, ಮರುಗಳಿಗೆ ನಾಚಿಕೆಯಾಯಿತು, ಹಾಗಾದರೆ ಅವನು ಸತ್ತದ್ದು ಹೇಗೆ ಎಂಬುದು ಮೊದಲಿಗಿಂತ ಹೆಚ್ಚು ಕಲಸಿಹೋಯಿತು. ಮತ್ತೆ ತಿರುಗಿಸಿದ. ಓಡಿಹೋಗಿ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿದ, ಓಡಿಬಂದು ತಿರುಗಿಸಿದ.

“ಏನ್ ರೇಣುಕ ಮಾವ, ಕಾರಿನ ಸುತ್ತ ಪ್ರದಕ್ಷಿಣೆ ಹಾಕ್ತಿದೀರಾ?”

ನವೀನ್‌ಕುಮಾರ. ಜಯಪ್ಪನ ಅಕ್ಕನ ಮಗ. ಶನಿವಾರಸಂತೆ ಕಡೆಯಿಂದ ಎಸ್ಟೇಟಿಗೆ ಕೆಲಸದವರನ್ನು ಜೀಪಿನಲ್ಲಿ ತರುವವನು. ಬಾಳೆಎಲೆಯ ಕಟ್ಟನ್ನು ಹೆಗಲಿಂದ ಇಳಿಸಿ ಹತ್ತಿರ ಬಂದ.

“ಒಂದು ಗಂಟೆ ಆಯ್ತು ಕಣಪ್ಪ. ತಿರುಗ್ತದೆ, ಹತ್ತಲ್ಲ.”

“ನನ್ ಜೀಪ್ ಅದೆ, ಅದ್ರಲ್ಲೇ ಹೋಗಿ ಬರಣ ಅಂದ್ರೆ ಅತ್ತೆ ಕೇಳಾಕಿಲ್ಲ.” ಅವನು ಬಾನೆಟ್ಟಿನೊಳಗೆ ಬಗ್ಗಿದ. ಕರವಸ್ತ್ರದ ಗಂಟು ಬಿಚ್ಚಿದ. ಬಗ್ಗಿದವನು ಹಾಗೆಯೇ ತಲೆ ತಿರುಗಿಸಿ ಇವನ ಮುಖ ನೋಡಿದ. “ಮಾವ, ಪ್ಲಗ್ ಎಲ್ಲಿ?”

“ಯಾವ ಪ್ಲಗ್?”

“ಸ್ಪಾರ್ಕ್ ಪ್ಲಗ್. ನಾಲ್ಕೂ ಇಲ್ಲ. ತೂತು ಖಾಲಿ ಹೊಡೀತಾವೆ, ಗಾಳಿಯೆಲ್ಲ ಆಚೆ ಹೋಗ್ತದೆ, ಅದಕ್ಕೇ ಹಗುರ ತಿರುಗೋದು. ಪ್ಲಗ್ಗೇ ಇಲ್ದೆ ಒಂದು ಗಂಟೆ ಹ್ಯಾಂಡಲ್ ಹೊಡೆದ್ರಾ?” ನಗು ಬಂದರೂ ನಗದೆ ಸೊಂಟದ ಮೇಲೆ ಕೈ ಇಟ್ಟು ನಿಂತ. “ಯಾರೋ ಎತ್ತಿರ್ಬೇಕು. ಸಾವಿನ ಮನೆ, ನೂರು ಜನ ಬಂದ್ ಹೋದ್ರು. ಅಲ್ಲ, ಈ ಗುಜರಿ ಕಾರಿನ ಪ್ಲಗ್ ಯಾರಿಗ್ ಬೇಕು?”

ಮಾತು ಕೇಳಿ ಸುಲೋಚನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದರು. ಹಣೆಯ ಮೇಲೆ ಆಗ ತಾನೇ ಧರಿಸಿದ ವಿಭೂತಿ ಇನ್ನೂ ಒಣಗಿರಲಿಲ್ಲ. “ಏನು ಕಳ್ದೋಯ್ತು?”

“ಮಾವನ್ ಕಾರಿಂದು ಪ್ಲಗ್ಗು ಅತ್ತೆ. ಇಷ್ಟುದ್ದ, ಬಿಳೀ ಪಿಂಗಾಣಿ ಥರ ಇರ್ತದೆ. ನಾಲ್ಕು.”

ಅವರು ಒಳಗೆ ಹೋದರು. ಬರುವಾಗ ಸೆರಗಿನಲ್ಲಿ ಹಿಡಿದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಮುಚ್ಚಳದ ಮೇಲೆ ಬೂದಿ. ತೆರೆದಾಗ ಹತ್ತಿಬಟ್ಟೆಯ ಮೇಲೆ ನಾಲ್ಕು ಪ್ಲಗ್ಗುಗಳು ಸಾಲಾಗಿ ಮಲಗಿದ್ದವು. ಉಜ್ಜಿ ಉಜ್ಜಿ ತುದಿ ಹೊಳೆಯುತ್ತಿತ್ತು. ನವೀನ ಒಂದನ್ನು ಎತ್ತಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡ.

“ಅಯ್ಯೋ, ಸುಡ್ತವೆ!”

“ಬಚ್ಚಲೊಲೆ ಪಕ್ಕ ಇತ್ತಲ್ಲ” ಎಂದರು ಸುಲೋಚನಮ್ಮ, ಇದರಲ್ಲಿ ಆಶ್ಚರ್ಯವೇನು ಎಂಬಂತೆ. “ಚಳಿಗಾಲದಲ್ಲಿ ಕಾರು ತೆಗ್ಯೋ ಹಿಂದಿನ್ ದಿನ ಬಿಚ್ಕಂಬಂದು, ಉಜ್ಜಿ, ಹಂಡೆ ಒಲೆ ಬೂದಿ ಮೇಲೆ ಇಡ್ತಿದ್ರು. ಬೆಚ್ಚಗಿದ್ರೆ ಬೇಗ ಹತ್ತದೆ ಅಂತ. ಇದನ್ನ ಯಾರೂ ಮುಟ್ಬಾರ್ದು, ಬೂದಿ ತೆಗೆದ್ರೂ ಡಬ್ಬಿ ಮತ್ತೆ ಅಲ್ಲೇ ಇಡ್ಬೇಕು ಅಂತ ಹೇಳಿದ್ರು. ದಿನಾ ಇಟ್ಟಿದೀನಿ.”

“ಹನ್ನೊಂದು ದಿನಾನಾ?” ಎಂದ ನವೀನ.

“ಇನ್ನೇನ್ ಮಾಡ್ಲಿ? ಇದಕ್ಕೇನ್ ಕೆಲ್ಸ ಅಂತ ನಂಗೇನ್ ಗೊತ್ತು. ರೇಣುಕಣ್ಣಂಗೆ ಗೊತ್ತಿರ್ತದೆ, ಬೇಕಾದ್ರೆ ಕೇಳ್ತಾರೆ ಅಂತಿದ್ದೆ.”

ರೇಣುಕಪ್ರಸಾದ ಡಬ್ಬಿಯನ್ನೇ ನೋಡುತ್ತಿದ್ದ. ಒಂದು ಮಾತು ಅವನ ತಲೆಯಲ್ಲಿ ನಿಧಾನವಾಗಿ ಜಾಗಕ್ಕೆ ಬಂದು ಕೂರುತ್ತಿತ್ತು. “ಅತ್ತಿಗೆ, ಆವತ್ತು ಬೆಳಗ್ಗೆ ಅವನು ಈ ಡಬ್ಬಿ ಹೊರಗೆ ತಂದಿದ್ನಾ?”

“ಇಲ್ಲ. ಒಲೆ ಹತ್ರಾನೇ ಇತ್ತು. ನೀವು ಬಂದ್ಮೇಲೇ ತಾನೆ ಅವ್ರು ಅದನ್ನ ತೆಗೀತಿದ್ದದ್ದು. ಮುಂಚೆ ತಂದ್ರೆ ಆರೋಗ್ತವೆ. ‘ರೇಣುಕ ಬಂದ, ಡಬ್ಬಿ ಕೊಡೇ’ ಅಂತ ಹಿತ್ಲಿಂದ ಕೂಗೋರು.”

ಪ್ಲಗ್ಗು ಹಾಕದೆ ಹ್ಯಾಂಡಲ್ ತಿರುಗಿಸುವ ಹುಚ್ಚು ಕೆಲಸವನ್ನು ಇವತ್ತಿನ ತನ್ನ ಹೊರತು ಇನ್ನಾರೂ ಮಾಡಲಾರರು. ಜಯಪ್ಪನಂತೂ ಅಲ್ಲವೇ ಅಲ್ಲ. ಅಂದರೆ ಆ ಬೆಳಗ್ಗೆ ಅವನು ಒಂದು ಸುತ್ತೂ ತಿರುಗಿಸಿರಲಿಲ್ಲ. ಊರು ಹೇಳಿದ್ದು ಸುಳ್ಳು. ಇದು ಗೊತ್ತಾದರೆ ಒಂದು ದೊಡ್ಡ ಭಾರ ಇಳಿಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವನು ನಂಬುತ್ತಿದ್ದ. ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಬಾನೆಟ್ ಎತ್ತಿ, ಹ್ಯಾಂಡಲ್ ಪಕ್ಕದಲ್ಲಿಟ್ಟುಕೊಂಡು, ಚಳಿಯಲ್ಲಿ ಬಂಪರಿಗೆ ಒರಗಿ ಅವನು ಕಾಯುತ್ತಿದ್ದ, ಅಷ್ಟೇ. ಬರುತ್ತೇನೆಂದವನಿಗಾಗಿ.

ನವೀನ ಟವೆಲಿನಲ್ಲಿ ಹಿಡಿದು ಪ್ಲಗ್ಗುಗಳನ್ನು ಒಂದೊಂದಾಗಿ ತಿರುಚಿ ಕೂರಿಸುತ್ತಿದ್ದ. ಸುಲೋಚನಮ್ಮ ಇವನ ಹತ್ತಿರ ಬಂದು ದನಿ ತಗ್ಗಿಸಿದರು. “ಒಂದು ಮಾತು ಕೇಳ್ಬೇಕು ಅಂತ ಹನ್ನೊಂದು ದಿನದಿಂದ ನೋಡ್ತಿದೀನಿ. ಇವ್ರ ಫೋನಲ್ಲಿ ಕೊನೇದಾಗಿ ನಿಮ್ ಹೆಸ್ರಿದೆ. ಆರೂ ಹತ್ತಕ್ಕೆ. ಏನಂದ್ರು?”

ಅವರು ಬೈಯಲು ಕೇಳುತ್ತಿರಲಿಲ್ಲ. ಗಂಡನ ಕೊನೆಯ ಮಾತು ಈ ಮನುಷ್ಯನ ಕಿವಿಯಲ್ಲಿದೆ, ಅದರಲ್ಲಿ ತನಗೊಂದು ಪಾಲು ಸಿಕ್ಕೀತು ಎಂದು ಕೇಳುತ್ತಿದ್ದರು. ಏನಾದರೊಂದು ಹೇಳಿಬಿಡಬಹುದಿತ್ತು. ‘ಬೇಗ ಬಾ ಅಂದ’ ಎಂದರೆ ಸಾಕು.

“ನಾನು ಎತ್ಲಿಲ್ಲ ಅತ್ತಿಗೆ” ಎಂದ. “ನೋಡ್ದೆ. ಚಳಿ ಅಂತ ಎತ್ಲಿಲ್ಲ.”

ಸುಲೋಚನಮ್ಮ ಡಬ್ಬಿಯ ಮುಚ್ಚಳದ ಬೂದಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. “ಎದೆ ನೋವು ಅಂತ ಮಾಡಿದ್ರೋ” ಎಂದರು ಕೊನೆಗೆ, “ಎಲ್ ಸತ್ತಿದೀಯ ಅಂತ ಬೈಯಕ್ಕೆ ಮಾಡಿದ್ರೋ.”

“ಗೊತ್ತಿಲ್ಲ.”

“ನಾನು ಹತ್ತು ಹೆಜ್ಜೆ ದೂರದಲ್ಲಿ ಹಂಡೆಗೆ ನೀರು ತುಂಬ್ತಿದ್ದೆ. ನಂಗೂ ಕೇಳ್ಲಿಲ್ಲ.” ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡರು. “ಹ್ಯಾಂಡಲ್ ಹೊಡ್ದು ಹೋದ್ರು ಅಂತ ಈ ಕಾರಿಗೆ ದಿನಾ ಶಾಪ ಹಾಕಿದೀನಿ. ಇವತ್ತೊಂದಿನ ಬುದ್ಯೋರ್ನ ತಂದು ನಾಳೆ ಯಾರಿಗಾದ್ರೂ ಎಳ್ಕಂಡ್ ಹೋಗಿ ಅನ್ನಣ ಅಂತಿದ್ದೆ. ಪಾಪ, ಇದೇನೂ ಮಾಡಿಲ್ವಲ್ಲ.”

“ರೆಡಿ ಮಾವ!” ಎಂದ ನವೀನ. “ನೀವು ಸೀಟಲ್ಲಿ ಕೂತ್ಕಳಿ, ನಾನು ಹೊಡೀತೀನಿ.”

“ಒಂದ್ಸಲ ನಾನು.”

“ಮಾವ, ಕೈ ಮುರೀತದೆ.”

“ಒಂದೇ ಸಲ ಕಣೋ.”

ಅವನು ಬಗ್ಗಿ ಹ್ಯಾಂಡಲ್ ಹಿಡಿದ. ಎಳೆದ. ಅಲುಗಲಿಲ್ಲ. ಒಂದು ಗಂಟೆ ಮೊದಲು ರಾಟೆಯಂತೆ ಆಡಿದ್ದ ಅದೇ ಕಬ್ಬಿಣ ನೆಲದಲ್ಲಿ ಹೂತ ಬಂಡೆಯಾಗಿತ್ತು. ಎರಡು ಕೈ ಹಾಕಿ, ಬೂಟು ಊರಿ, ಉಸಿರು ಕಟ್ಟಿ ಎಳೆದ. ಅರ್ಧ ಸುತ್ತು ಏರಿತು. ಒಳಗೆ ಯಾವುದೋ ಶಕ್ತಿ ಅದನ್ನು ತಡೆದು, ತಿರುಗಿ ತಳ್ಳಿತು. ಹ್ಯಾಂಡಲ್ ಕೈಯಿಂದ ಹಾರಿ ಅಂಗೈ ಉರಿಯಿತು. ಶಿವ ಶಿವಾ ಎಂಬ ಮಾತು ಅವನ ಬಾಯಿಂದ ತಾನಾಗಿ ಬಂತು. ಇಪ್ಪತ್ತೆರಡು ವರ್ಷ, ಪ್ರತಿ ಸಲವೂ ಹತ್ತು ಹನ್ನೆರಡು ಸುತ್ತು. ಆಮೇಲೆ ಜಯಪ್ಪ ಬಂದು ಸೀಟಿನಲ್ಲಿ ಕೂತು, “ಏನೋ, ನಿದ್ದೆ ಮಾಡ್ಬುಟ್ಯಾ?” ಎಂದು ನಗುತ್ತಿದ್ದ.

ಅವನು ಹ್ಯಾಂಡಲನ್ನು ನವೀನನಿಗೆ ಕೊಟ್ಟು ಡ್ರೈವರ್ ಸೀಟಿಗೆ ಹೋಗಿ ಕೂತ. ಮುಂದೆ ಎತ್ತಿದ ನೀಲಿ ತಗಡು. ಅದರ ಆಚೆ ಯಾರಿದ್ದಾರೆ ಎಂದು ಇಲ್ಲಿಂದ ಕಾಣುವುದಿಲ್ಲ.

“ಮಾವ, ಎಣ್ಣೆ ಕೊಡಿ!”

ಜಯಪ್ಪ ಬರೀ ‘ಕೊಡು’ ಎನ್ನುತ್ತಿದ್ದ. ಚೋಕ್ ಎಳೆದು ಒತ್ತಿದ. ಒಂದು ಸುತ್ತು. ಎರಡು. ಮೂರನೆಯದಕ್ಕೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾಲ್ಕನೆಯದಕ್ಕೆ ಮೈಯೆಲ್ಲ ನಡುಗಿ ಹತ್ತಿಕೊಂಡಿತು. ಶೆಡ್ಡು ಬಿಳಿ ಹೊಗೆಯಿಂದ ತುಂಬಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿಬಂದರು. ಯಾರೂ “ಬಿಡು” ಎನ್ನಲಿಲ್ಲ. ಆ ಮಾತಿಗೆ ಕಾಯುತ್ತ ಅವನು ಒತ್ತಿಯೇ ಇದ್ದ, ಇಂಜಿನು ಅರಚುತ್ತಲೇ ಇತ್ತು. ನವೀನ ಬಂದು ಕಿಟಕಿ ಬಡಿದು, “ಸಾಕು ಮಾವ, ಕಾಲು ತೆಗೀರಿ!” ಎಂದ ಮೇಲೆ ಬಿಟ್ಟ.

ಇಬ್ಬರೂ ಮಠಕ್ಕೆ ಹೋದಾಗ ಸ್ವಾಮಿಗಳು ಹೊರಗೇ ನಿಂತಿದ್ದರು. ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, “ಇವತ್ತು ತಳ್ಳೋದಿಲ್ವಾ?” ಎಂದರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಮುಂದಿನ ಸೀಟಿನ ಬೆನ್ನನ್ನು ಒಮ್ಮೆ ಸವರಿದರು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ದೊರೆ ಕಾರು ಕಲ್ಲುಕೋಡಿನ ಅಂಗಳದಲ್ಲಿ ನಿಂತಿತ್ತು. ಕಾಳ ಅದರ ಹತ್ತಿರ ಬಂದು, “ಇದೇ ಅಯ್ಯನ್ನ ತಿಂದಿದ್ದು” ಎಂದು ಯಾರಿಗೋ ತೋರಿಸುತ್ತಿದ್ದ. ಅಲ್ಲ ಎಂದು ಹೇಳಲು ರೇಣುಕಪ್ರಸಾದ ಎರಡು ಹೆಜ್ಜೆ ಹೋದ. ಹೋದವನು, ಹಾಗಾದರೆ ಏನಾಯಿತು ಎಂದು ಅವನು ಕೇಳಿದರೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ:

“ಇಲ್ಲ ಕಾಳ. ಅವನು ಹ್ಯಾಂಡಲ್ ಮುಟ್ಟೇ ಇಲ್ಲ. ನನಗೆ ಕಾಯ್ತಾ ಕೂತಿದ್ದ. ನಾನು ಬರೋದು ತಡ ಆಯ್ತು.”

ಕಾಳ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಊಟ ಮುಗಿದು, ಸ್ವಾಮಿಗಳನ್ನು ಬಿಟ್ಟು ಬಂದು, ಜನ ಚದುರಿದಾಗ ನಾಲ್ಕೂವರೆ ಆಗಿತ್ತು. ಬಿಸಿಲು ಕಣದಿಂದ ಇಳಿದು ಹೋಗಿ ಚಳಿ ಮತ್ತೆ ಹತ್ತುತ್ತಿತ್ತು. ರೇಣುಕಪ್ರಸಾದ ನವೀನನಿಂದ ಪ್ಲಗ್ ತಿರುಚುವ ಪಾನ ಕೇಳಿ ಪಡೆದು, ಅವನು ತೋರಿಸಿದಂತೆ ಪ್ಲಗ್ಗುಗಳನ್ನು ತಾನೇ ಬಿಚ್ಚಿದ. ಮೊದಲನೆಯದಕ್ಕೆ ಬೆರಳು ಸುಟ್ಟುಕೊಂಡ. ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿ ಸಾಲಾಗಿ ಇಟ್ಟ. ವೈರುಗಳ ತುದಿಗಳನ್ನು ಅದೇ ಕರವಸ್ತ್ರದಲ್ಲಿ ಕಟ್ಟಿದ. ಗಂಟು ಜಯಪ್ಪ ಹಾಕಿದ್ದರ ಹಾಗೆ ಬರಲಿಲ್ಲ. ಮೇಲೆ ಗೋಣಿತಾಟು ಹಾಸಿದ.

ಡಬ್ಬಿ ಹಿಡಿದು ಹಿತ್ತಲಿಗೆ ಹೋದಾಗ ಸುಲೋಚನಮ್ಮ ಹಂಡೆಯ ಒಲೆಗೆ ಕಾಫಿ ಗಿಡದ ಬೊಡ್ಡೆ ತುರುಕುತ್ತಿದ್ದರು. ಡಬ್ಬಿ ನೋಡಿ ಎದ್ದು ನಿಂತರು.

“ಅವ್ರು ಕಾರು ತೆಗ್ಯೋ ಹಿಂದಿನ್ ದಿನ ಮಾತ್ರ ಬಿಚ್ತಿದ್ದದ್ದು” ಎಂದರು.

“ಹೌದಂತೆ.”

“ನಾಳೆ ಎಲ್ಲಿಗೆ ಹೋಗ್ತೀರ?”

“ಎಲ್ಲಿಗೂ ಇಲ್ಲ ಅತ್ತಿಗೆ. ಗೊತ್ತಿಲ್ಲ. ಬಿಚ್ಬೇಕು ಅನ್ನಿಸ್ತು.”

ಅವರು ಡಬ್ಬಿ ತೆಗೆದುಕೊಂಡರು. ಕೆಂಡ ಸರಿಸಿ, ಬೂದಿ ಸಮಮಾಡಿ, ಅದರ ಮೇಲಿಟ್ಟರು. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು.

“ಬೆಳಗ್ಗೆ ಆರಕ್ಕೇ ಬನ್ನಿ” ಎಂದರು. “ಕಾಫಿ ಇಟ್ಟಿರ್ತೀನಿ.”